ತೊಗಲು ಬದಲಿಸುವ ಹರಿಗೋಲು

ಶುಭಸಂದೇಶದಲ್ಲಿ ಗಲಿಲೇಯ ಸರೋವರದ ದೋಣಿಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ಚಿತ್ರಪಟಗಳಲ್ಲಿ ಕಂಡ ಹಾಯಿದೋಣಿ. 1986ರಲ್ಲಿ ಬರದಿಂದಾಗಿ ಆ ಸರೋವರದ ನೀರು ತಗ್ಗಿದಾಗ, ಗಿನೋಸಾರ್ ದಡದ ಕೆಸರಿನಲ್ಲಿ ಇಬ್ಬರು ಮೀನುಗಾರ ಸಹೋದರರಿಗೆ ನಿಜವಾದ ಹಳೆಯ ದೋಣಿಯೊಂದು ಕಾಣಿಸಿತು. ಸುಮಾರು ಎಂಟು ಮೀಟರ್ ಉದ್ದದ ಅದು ಪ್ರಭು ಯೇಸುವಿನ ಕಾಲದ ಆಸುಪಾಸಿನದೆಂದು ಪರೀಕ್ಷೆಗಳು ತಿಳಿಸಿದವು. ಯಾರ ದೋಣಿಯೋ ಯಾರೂ ಹೇಳಲಾರರು. ಆದರೆ ಅದರ ಒಡಲನ್ನು ಪರೀಕ್ಷಿಸಿದವರಿಗೆ ಹತ್ತು-ಹನ್ನೆರಡು ಜಾತಿಯ ಮರದ ತುಂಡುಗಳು ಸಿಕ್ಕವು. ಹಲಗೆ ಹಾಳಾದಂತೆಲ್ಲ ಸಿಕ್ಕ ಮರದಿಂದ ತೇಪೆ ಹಾಕಿ ಹಾಕಿ ಬಳಸಿದ ಬಡವರ ದೋಣಿ ಅದು. ನೆನೆದ ಮರ ಒಣಗಿ ಪುಡಿಯಾಗದಂತೆ ಅದಕ್ಕೆ ಮೇಣದಂಥ ರಾಸಾಯನಿಕವನ್ನು ವರ್ಷಗಟ್ಟಲೆ ಕುಡಿಸಿ ಉಳಿಸಿದ್ದಾರೆ.

ಇದನ್ನು ಓದಿದಾಗ, ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಅಂಥ ಹಳೆಯ ದೋಣಿ ಒಂದಾದರೂ ಉಳಿದಿದೆಯೇ ಎಂದು ನಾವು ನಮ್ಮನ್ನೇ ಕೇಳಿಕೊಂಡೆವು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ, ನದಿಗಳಿಗೇನೂ ಕೊರತೆಯಿಲ್ಲ. ಆದರೆ ಇಲ್ಲಿ ಜನರನ್ನು ದಾಟಿಸಿದ್ದು ಹಲಗೆಯ ದೋಣಿಗಿಂತ ಹೆಚ್ಚಾಗಿ ದುಂಡನೆಯ ಹರಿಗೋಲು. ನಮ್ಮ ಕಡೆ ತೆಪ್ಪ ಎಂದೂ ಕರೆಯುತ್ತಾರೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮೊಳಕಾಲುದ್ದ ಹರಿಯುವ ನೀರು, ಮಳೆಗಾಲದಲ್ಲಿ ಎರಡೂ ದಡ ಮೀರುವ ಹೊಳೆ. ಬಂಡೆಗೆ ತಾಗಿದರೆ ಹಲಗೆ ಸೀಳುತ್ತದೆ, ಬಿದಿರಿನ ಬುಟ್ಟಿ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ಹರಿಗೋಲಿನ ಒಡಲು ಎರಡು ಭಾಗದ್ದು. ಒಳಗೆ ಬಿದಿರ ಸೀಳುಗಳನ್ನು ನಡುವಿನಿಂದ ಅಡ್ಡಡ್ಡ ಹೆಣೆದ ಬುಟ್ಟಿ. ಭಾರ ಬೀಳುವ ತಳಕ್ಕೆ ಹೆಚ್ಚು ಸೀಳು, ಅಂಚಿಗೆ ದಪ್ಪ ಕಟ್ಟು. ಹೊರಗೆ ತೊಗಲು. ಹಸಿ ತೊಗಲನ್ನು ತುಂಡು ತುಂಡಾಗಿ ಹೊಲಿದು, ಬುಟ್ಟಿಯ ಮೇಲೆ ಬಿಗಿಯಾಗಿ ಎಳೆದು ಅಂಚಿಗೆ ಕಟ್ಟುವರು. ಒಣಗಿದಂತೆ ಅದು ಬುಟ್ಟಿಯನ್ನು ಅಪ್ಪಿಕೊಳ್ಳುತ್ತದೆ. ಆದರೆ ಬಹಳ ಹೊತ್ತು ನೀರಿನಲ್ಲಿದ್ದರೆ ತೊಗಲು ಮೆತ್ತಗಾಗುತ್ತದೆ, ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಅಂಬಿಗ ಅದನ್ನು ದಡಕ್ಕೆಳೆದು ಬೋರಲು ಹಾಕಿ ಬಿಸಿಲಿಗೆ ಬಿಡಬೇಕು. ಹೀಗೆ ಬೋರಲು ಬಿದ್ದಾಗಲೇ ರಿಪೇರಿ. ಬೆರಳಾಡಿಸಿ ಹೊಲಿಗೆ ಎಲ್ಲಿ ಸಡಿಲವಾಗಿದೆ, ತೊಗಲು ಎಲ್ಲಿ ತೆಳುವಾಗಿದೆ, ಯಾವ ಸೀಳು ಮುರಿದಿದೆ ಎಂದು ನೋಡುವುದು, ಅಷ್ಟಕ್ಕೇ ತೇಪೆ ಹಾಕುವುದು. ತೊಗಲು ಪೂರ್ತಿ ಸವೆದರೆ ಅದೇ ಬುಟ್ಟಿಗೆ ಹೊಸ ತೊಗಲು. ಬುಟ್ಟಿಯೇ ಸೋತರೆ ಹೊಸ ಬುಟ್ಟಿ. ಹಾಗಾಗಿ ನೂರು ವರ್ಷದ ಹರಿಗೋಲನ್ನು ಹುಡುಕಿ ಹೊರಟವರು ಬರಿಗೈಲಿ ಬರಬೇಕು. ಉಳಿದು ಬಂದದ್ದು ಹೆಣೆಯುವ, ಹೊಲಿಯುವ ಕೈಗಳ ಬಲ್ಲತನ.

ಅದು ಎಷ್ಟು ಹಿಂದಿನದೆಂಬುದಕ್ಕೆ ಬರಹದ ಸಾಕ್ಷಿಯಿದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟ: ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ಅಗಲ, ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಲೇ ಸಾಗುತ್ತದೆ. ಈಗ ನೋಡಿದವರೂ ಬೇರೇನೂ ಬರೆಯಲಾರರು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿಯೂ ನಮ್ಮ ನದಿಗಳನ್ನು ದಾಟಲು ತೊಗಲ ಹರಿಗೋಲುಗಳನ್ನೇ ಮಾಡಿಸಿದ. ಫಿರಂಗಿಗಳಿದ್ದ ಸೈನ್ಯವೂ ಕೊನೆಗೆ ಅಂಬಿಗನ ಬುಟ್ಟಿಗೆ ಕೈ ಚಾಚಬೇಕಾಯಿತು ಎಂಬುದು ನಮಗೆ ಸಣ್ಣ ಸಮಾಧಾನ.

ಸುರಪುರದ ಹೆಸರು ಬಂದರೆ ಮೆಡೋಸ್ ಟೇಲರ್ ನೆನಪಾಗಲೇಬೇಕು. 1841ರಿಂದ ಹನ್ನೆರಡು ವರ್ಷ ಆ ಸಂಸ್ಥಾನದ ಆಡಳಿತ ನೋಡಿಕೊಂಡ ಆತ, ಚಾಂದಬೀಬಿಯ ಕಥೆಯ ಕಾದಂಬರಿಯಲ್ಲಿ ನೆರೆ ಬಂದ ಕೃಷ್ಣೆಯನ್ನೂ ಬುಟ್ಟಿದೋಣಿಯನ್ನೂ ತಂದಿದ್ದಾನೆ. ನಮ್ಮ ಓದುಗರಿಗೆ ಖುಷಿಯಾಗುವ ಸಂಗತಿಯೆಂದರೆ, ಮುದಗಲ್ಲಿನ ಕ್ರೈಸ್ತರೂ ಅದರಲ್ಲಿ ಪಾತ್ರಗಳು. ಹೊಳೆಯಾಚೆಯ ಮುದಗಲ್ಲಿಗೆ ಸುರಪುರದಿಂದ ಹೋಗಬೇಕಾದವರಿಗೆಲ್ಲ ಕೃಷ್ಣೆಯೇ ಬಾಗಿಲು.

ಆಮೇಲೆ ಸೇತುವೆಗಳ ಕಾಲ. 1871ರ ಹೊತ್ತಿಗೆ ಯಾದಗಿರಿಯ ಮೇಲಿನ ರೈಲುದಾರಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ದಾರಿಯನ್ನು ಕೂಡಿಕೊಂಡಿತು. ಮುಂದೆ ತಿಂಥಣಿಯಲ್ಲೂ ಶಹಾಪುರದಿಂದ ದೇವದುರ್ಗದ ದಾರಿಯ ಕೊಳ್ಳೂರಿನಲ್ಲೂ ರಸ್ತೆ ಸೇತುವೆಗಳಾದವು. ದೊಡ್ಡ ಹರಿಗೋಲುಗಳಿಗೆ ಕೆಲಸ ಕಡಿಮೆಯಾಯಿತು. ಮೀನುಗಾರರ ಸಣ್ಣವು ಉಳಿದವು. ಅವುಗಳಿಗೂ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಮೇಲೆ ಡಾಂಬರು ಬಂತು. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾವು ಮುರಿಯುವುದಿಲ್ಲ. ಚೀಲ ಅಗ್ಗ, ಕೊಳೆಯುವುದಿಲ್ಲ, ಹರಿದರೆ ಒಂದು ತುಂಡು, ಒಂದಿಷ್ಟು ಡಾಂಬರು ಸಾಕು. ಗಲಿಲೇಯದ ಬಡ ಮೀನುಗಾರ ಮಾಡಿದ್ದೂ ಇದನ್ನೇ ಅಲ್ಲವೇ?

ಆದರೆ ಒಡಲು ಗಟ್ಟಿಯಾಗಿದ್ದ ಮಾತ್ರಕ್ಕೆ ಹೊಳೆ ಸುಮ್ಮನಿರುವುದಿಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆ ನೋಡನೋಡುತ್ತಲೇ ಏರುತ್ತದೆ, ಚುಕ್ಕಾಣಿಯಿಲ್ಲದ ಬುಟ್ಟಿ ಸೆಳವಿನ ಪಾಲಾಗುತ್ತದೆ. 2020ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕುರ್ವಕಲದ ಬಳಿ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ಹಳೆಯದರ ಮೇಲಿನ ಪ್ರೀತಿಗಾಗಿ, ಸೇತುವೆ ಬೇಡ, ಹರಿಗೋಲೇ ಇರಲಿ ಎಂದು ನಾವು ಹೇಳಿದರೆ ಅದು ದಡದ ಮೇಲೆ ಕೂತವರ ಮಾತಾದೀತು.

ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. 2013ರ ಜುಲೈ ಕೊನೆಯಲ್ಲಿ ನೆರೆ ಬಂದು ದಾಟುವ ದಾರಿ ಮುಚ್ಚಿತ್ತು. ಅಲ್ಲಿದ್ದ ಒಬ್ಬ ತಾಯಿಗೆ ಒಂಬತ್ತು ತಿಂಗಳು ತುಂಬಿತ್ತು, ಊರಲ್ಲಿ ಆಸ್ಪತ್ರೆಯಿಲ್ಲ. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಆಕೆ ನೀರಿಗಿಳಿದರು. ತಂದೆ, ಅಣ್ಣತಮ್ಮಂದಿರು ಹಿಂದೆ ಮುಂದೆ ಈಜುತ್ತ ಬಂದರು. ಹರಿಗೋಲಿಗಿಂತ ಹಳೆಯ ಉಪಾಯ ಅದು. ಆಕೆ ಕಕ್ಕೇರಾ ಕಡೆಯ ದಡ ಸೇರಿದರು.