ಹದಿನೆಂಟೂಮುಕ್ಕಾಲು ಸೆಂಟಿನ ಕಾಗದ

ಅಮೆರಿಕದ ಹಳೆಯ ಕಾಗದವೊಂದು ನಿಮ್ಮ ಕೈಗೆ ಬಂದಿದೆ ಎಂದು ಭಾವಿಸಿ. ಅದಕ್ಕೆ ಲಕೋಟೆಯಿಲ್ಲ, ಅಂಚೆಚೀಟಿಯಿಲ್ಲ. ಬರೆದ ಹಾಳೆಯನ್ನೇ ಮಡಿಸಿ, ಅಂಚುಗಳನ್ನು ಒಂದರೊಳಗೊಂದು ಸೇರಿಸಿ, ಅರಗಿನ ಮುದ್ರೆ ಒತ್ತಿದ್ದಾರೆ. ಹೊರಮೈಯಲ್ಲಿ ವಿಳಾಸವಿದೆ. ಒಂದು ಮೂಲೆಯಲ್ಲಿ ಊರಿನ ಹೆಸರು, ತಿಂಗಳು, ತಾರೀಖು ಇರುವ ದುಂಡನೆಯ ಠಸ್ಸೆ. ಇನ್ನೊಂದು ಮೂಲೆಯಲ್ಲಿ ಲೇಖನಿಯಿಂದ ಗೀಚಿದ ಒಂದು ಅಂಕಿ: 18¾.

ಈ ಅಂಕಿಯಿಂದಲೇ ಆರಂಭಿಸೋಣ. ಅದು ಸೆಂಟುಗಳಲ್ಲಿ ಬರೆದ ಅಂಚೆ ದರ. ಆದರೆ ಮುಕ್ಕಾಲು ಸೆಂಟಿನ ನಾಣ್ಯ ಅಮೆರಿಕದಲ್ಲಿ ಎಂದೂ ಇರಲಿಲ್ಲ. ಹಾಗಾದರೆ ಜನ ಅದನ್ನು ಹೇಗೆ ತೆರುತ್ತಿದ್ದರು?

ಆಗಿನ ಅಮೆರಿಕದಲ್ಲಿ ಸ್ವಂತ ನಾಣ್ಯಗಳಿಗೆ ಬರ. ಪೇಟೆಗಳಲ್ಲಿ ಸ್ಪೇನಿನ ಬೆಳ್ಳಿ ನಾಣ್ಯಗಳೇ ಓಡಾಡುತ್ತಿದ್ದವು. 1857ರವರೆಗೂ ಅವು ಕಾನೂನುಬದ್ಧ ಹಣವಾಗಿದ್ದವು. ಎಂಟು ರಿಯಾಲ್ ಸೇರಿದರೆ ಒಂದು ಡಾಲರು. ಅಂದರೆ ಒಂದು ರಿಯಾಲಿಗೆ ಹನ್ನೆರಡೂವರೆ ಸೆಂಟು, ಒಂದೂವರೆ ರಿಯಾಲಿಗೆ ಹದಿನೆಂಟೂಮುಕ್ಕಾಲು. ನಿಮ್ಮ ತಾತನನ್ನು ಕೇಳಿನೋಡಿ, ನಮ್ಮ ಹಳೆಯ ಮೂರಾಣೆಗೂ ಕರಾರುವಾಕ್ಕಾಗಿ 18¾ ಹೊಸ ಪೈಸೆಯೇ ಆಗುತ್ತಿತ್ತು! ಹೀಗೆ, ಸ್ವತಂತ್ರವಾಗಿ ಅರ್ಧ ಶತಮಾನ ಕಳೆದ ದೇಶವೊಂದರ ಅಂಚೆಯ ಲೆಕ್ಕ ಇನ್ನೂ ಪರದೇಶದ ನಾಣ್ಯದ ಮೇಲೆಯೇ ನಿಂತಿತ್ತು ಎಂಬ ಸಂಗತಿಯನ್ನು ಒಂದು ಅಂಕಿ ನಮಗೆ ತಿಳಿಸುತ್ತದೆ.

ಅದೇ ಅಂಕಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಅಂದಿನ ಠಸ್ಸೆಗಳಲ್ಲಿ ಸಾಮಾನ್ಯವಾಗಿ ವರ್ಷ ಇರುತ್ತಿರಲಿಲ್ಲ. 1816ರ ಕಾಯಿದೆಯಂತೆ 150ರಿಂದ 400 ಮೈಲಿಯವರೆಗಿನ ದರ ಹದಿನೆಂಟೂವರೆ ಸೆಂಟು. 1825ರಲ್ಲಿ ಅದು ಹದಿನೆಂಟೂಮುಕ್ಕಾಲಾಯಿತು. 1845ರಲ್ಲಿ ಆ ಪದ್ಧತಿಯೇ ಹೋಯಿತು. ಆದ್ದರಿಂದ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋದ ಕಾಗದದ ಮೇಲೆ 18¾ ಕಂಡರೆ, ಅದನ್ನು ಬಿಚ್ಚದೆಯೇ ಆ ಇಪ್ಪತ್ತು ವರ್ಷಗಳೊಳಗೆ ಇಡಬಹುದು. ಕಾಲು ಸೆಂಟಿನ ವ್ಯತ್ಯಾಸವನ್ನು ಸಂಗ್ರಾಹಕರು ಭೂತಗನ್ನಡಿ ಹಿಡಿದು ನೋಡುವುದು ಇದಕ್ಕಾಗಿಯೇ.

ದರ ನಿರ್ಧಾರವಾಗುತ್ತಿದ್ದುದು ದೂರ ಮತ್ತು ಹಾಳೆಗಳ ಸಂಖ್ಯೆಯಿಂದ. ಎರಡು ಹಾಳೆಗೆ ಎರಡು ಪಟ್ಟು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೇ! ಹಾಗಾಗಿ ನಮ್ಮ ನೀಲಿ ಇನ್‌ಲ್ಯಾಂಡ್ ಕಾಗದದ ಹಾಗೆ ಒಳಗೆ ಬರಹ, ಹೊರಗೆ ವಿಳಾಸ. ನಾನೂರು ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟು. ಕೂಲಿಯವನಿಗೆ ದಿನಕ್ಕೆ ಒಂದು ಡಾಲರೂ ಹುಟ್ಟದಿದ್ದ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಬಡವರು ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಹಣವನ್ನು ಹೆಚ್ಚಾಗಿ ಕೊಡುತ್ತಿದ್ದವರು ಕಾಗದ ಪಡೆದವರು. ಕಳಿಸುವವರೇ ಕೊಟ್ಟಿದ್ದರೆ ‘ಪೇಯ್ಡ್’ ಎಂಬ ಗುರುತು ಬೀಳುತ್ತಿತ್ತು.

ಠಸ್ಸೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಕಾಗದಗಳು ತಡವಾಗುತ್ತವೆ ಎಂಬ ದೂರಿಗೆ ಉತ್ತರವಾಗಿ 1661ರಲ್ಲಿ ಹೆನ್ರಿ ಬಿಷಪ್ ಎಂಬ ಅಂಚೆ ಅಧಿಕಾರಿ ತಿಂಗಳು, ತಾರೀಖು ಒತ್ತುವ ಮುದ್ರೆಯನ್ನು ಜಾರಿಗೆ ತಂದ. ಅಮೆರಿಕದ ದೊಡ್ಡ ಊರುಗಳಿಗೂ ಅದು ಬಂತು. ಸಣ್ಣ ಊರಿನ ಪೋಸ್ಟ್‌ಮಾಸ್ಟರನಿಗೆ ಮಾತ್ರ ಮಸಿ, ಲೇಖನಿಯೇ ಗತಿ. ಊರಿನ ಹೆಸರನ್ನು ಕೈಯಿಂದಲೇ ಬರೆಯುತ್ತಿದ್ದ. 1790ರಲ್ಲಿ ಇಡೀ ದೇಶದಲ್ಲಿ 75 ಅಂಚೆ ಕಚೇರಿಗಳಿದ್ದವು. 1830ರ ಹೊತ್ತಿಗೆ ಎಂಟು ಸಾವಿರ ದಾಟಿದ್ದವು. ಎಷ್ಟೋ ಊರುಗಳು ಆಮೇಲೆ ಅಳಿದುಹೋದವು. ಅವುಗಳ ಹೆಸರು ಈ ಕೈಬರಹಗಳಲ್ಲಿ ಉಳಿದಿದೆ.

ಆ ಮಸಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು, ವಿಜ್ಞಾನ ಓದಿದ ನನಗೆ ಮನಸ್ಸು ಬಾರದು. ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ ಮಸಿ ಅದು. ಬರೆಯುವಾಗ ತಿಳಿಯಾಗಿದ್ದು, ಗಾಳಿಯ ಆಮ್ಲಜನಕ ತಾಗಿ ಕಪ್ಪಾಗುತ್ತದೆ. ದಶಕಗಳು ಕಳೆದಂತೆ ಕಂದಾಗಿ ಹಾಳೆಯನ್ನು ಕೊರೆಯುತ್ತದೆ. ಹಾಳೆಯಾದರೋ ಹತ್ತಿ, ನಾರಿನ ಚಿಂದಿಯಿಂದ ಮಾಡಿದ್ದು. ಇಪ್ಪತ್ತನೆಯ ಶತಮಾನದ ಮಧ್ಯದಿಂದೀಚೆಗೆ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಅಂಥದ್ದು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಬೆಳಗುತ್ತದೆ. ‘ಹಳೆಯ’ ಕಾಗದ ಹಾಗೆ ಬೆಳಗಿದರೆ ವ್ಯಾಪಾರಿಗೆ ನಮಸ್ಕಾರ ಹೇಳಿ ಎದ್ದು ಬರಬಹುದು.

ಇನ್ನು ನನಗೆ ತುಂಬ ಪ್ರಿಯವಾದ ಒಂದು ಕಾಗದದ ಕಥೆ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಗೆ 1833ರ ಮೇ ತಿಂಗಳಲ್ಲಿ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬ ಪೋಸ್ಟ್‌ಮಾಸ್ಟರ್ ಆದ. ಹೆಸರು ಅಬ್ರಹಾಂ ಲಿಂಕನ್. ಕಾಗದಗಳನ್ನು ಟೋಪಿಯೊಳಗೆ ಇಟ್ಟುಕೊಂಡು ಹೋಗಿ ಕೊಡುತ್ತಿದ್ದ ಎಂದು ಹೇಳುವುದುಂಟು. 1835ರ ಸೆಪ್ಟೆಂಬರಿನಲ್ಲಿ ಮ್ಯಾಥ್ಯೂ ಮಾರ್ಷ್ ಎಂಬಾತ ಆ ಊರಿನಿಂದ ನ್ಯೂ ಹ್ಯಾಂಪ್‌ಶೈರಿನ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬರೆದ. ನಮ್ಮ ಪೋಸ್ಟ್‌ಮಾಸ್ಟರ್ ಕಚೇರಿಯ ಬಾಗಿಲು ಹಾಕುವುದೇ ಇಲ್ಲ, ಯಾರೂ ಇಲ್ಲದಾಗ ನಾನೇ ಒಳಗೆ ಹೋಗಿ ನನ್ನ ಪತ್ರಿಕೆ ತೆಗೆದುಕೊಳ್ಳುತ್ತೇನೆ ಎಂಬುದು ಅದರಲ್ಲಿದೆ. ನಿನ್ನ ಕಾಗದ ಎರಡು ಹಾಳೆಯದಾದರೂ 25 ಎಂದಷ್ಟೇ ಗುರುತಾಗಿ ಬಂತು, ಅವನಿಗೆ ಗೊತ್ತಾಗಿದ್ದರೂ ಹೆಚ್ಚು ಕೇಳುತ್ತಿರಲಿಲ್ಲ, ನನ್ನ ಸ್ನೇಹಿತ, ಈ ಕಾಗದವನ್ನೂ ಪುಕ್ಕಟೆ ಕಳಿಸಲು ಹೇಳುತ್ತೇನೆ ಎಂದೂ ಇದೆ. ಹೊರಮೈಯಲ್ಲಿ ಲಿಂಕನ್ನನ ಕೈಬರಹ: ‘ಫ್ರೀ’, ಅವನ ಸಹಿ, ಊರು, ಸೆಪ್ಟೆಂಬರ್ 22. ಪೋಸ್ಟ್‌ಮಾಸ್ಟರ್ ತನ್ನ ಸ್ವಂತ ಕಾಗದಗಳನ್ನು ಮಾತ್ರ ಹೀಗೆ ಕಳಿಸಬಹುದಿತ್ತು, ಇನ್ನೊಬ್ಬರದಕ್ಕೆ ದಂಡವಿತ್ತು.

ಹೊರಮೈ ಮಾತ್ರ ಉಳಿದಿದ್ದರೆ ಅದು ಒಬ್ಬ ಮಹಾಪುರುಷನ ಬೆಲೆಬಾಳುವ ಸಹಿ, ಅಷ್ಟೆ. ಒಳಗಿನ ಬರಹ ಮಾತ್ರ ಉಳಿದಿದ್ದರೆ ಒಬ್ಬ ಹಳ್ಳಿಗನ ಹರಟೆ. ಹೇಳಿದ್ದು ನಡೆಯಿತೋ ಇಲ್ಲವೋ ತಿಳಿಯದು. ಎರಡೂ ಒಂದೇ ಹಾಳೆಯಲ್ಲಿರುವುದರಿಂದ ಅಪರಾಧವೂ ಸಾಕ್ಷಿಯೂ ಒಟ್ಟಿಗೆ ಸಿಕ್ಕಿವೆ. ಆದರೆ ಠಸ್ಸೆಯ ಆಸೆಗೆ ಹೊರಮೈಯನ್ನು ಚೌಕಾಕಾರವಾಗಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದವರು ಹಿಂದೆ ಬಹಳ. ಒಳಗಿನದನ್ನು ಅಚ್ಚು ಮಾಡಿ ಹೊರಗಿನದನ್ನು ಕೈಬಿಟ್ಟ ವಿದ್ವಾಂಸರೂ ಉಂಟು. ನನ್ನ ಪ್ರಕಾರ ಇಬ್ಬರದೂ ಒಂದೇ ತಪ್ಪು.

ಆಲ್ಬಮ್ಮಿಗೆ ಬರಲಾರದ ಕಾಗದಗಳೂ ಇವೆ. ಲಿಂಕನ್ ಸ್ನೇಹಿತನಿಗೆ ನೆರವಾದ ಅದೇ 1835ರ ಜುಲೈ 29ರ ರಾತ್ರಿ, ದಕ್ಷಿಣದ ಚಾರ್ಲ್ಸ್‌ಟನ್ನಿನಲ್ಲಿ ಗುಂಪೊಂದು ಅಂಚೆ ಕಚೇರಿಗೆ ನುಗ್ಗಿತು. ಗುಲಾಮಗಿರಿಯನ್ನು ವಿರೋಧಿಸಿ ನ್ಯೂಯಾರ್ಕಿನಿಂದ ಬಂದಿದ್ದ ಪತ್ರಿಕೆಗಳ ಮೂಟೆಗಳನ್ನು ಹೊತ್ತೊಯ್ದು, ಬಳಿಕ ಅವುಗಳನ್ನು ಸುಟ್ಟುಹಾಕಲಾಯಿತು. ದೇಶದ ಅಂಚೆಯ ಮುಖ್ಯಸ್ಥ ಏಮಸ್ ಕೆಂಡಲ್ ಅದನ್ನು ಖಂಡಿಸಲಿಲ್ಲ. ಅಂಥ ಪತ್ರಿಕೆಗಳನ್ನು ತಡೆಹಿಡಿದ ಪೋಸ್ಟ್‌ಮಾಸ್ಟರುಗಳ ಪರವಾಗಿಯೇ ನಿಂತ. ಅಂಚೆಯ ಚೀಲ ಹೊರುವ ಕೆಲಸ ಬಿಳಿಯರಿಗಷ್ಟೇ ಎಂಬ ನಿಯಮವೂ 1802ರಿಂದ 1865ರವರೆಗೆ ಇತ್ತು. ಊರೂರು ತಿರುಗಿದ ಗುಲಾಮ ನಾಲ್ಕು ವಿಷಯ ತಿಳಿದುಕೊಂಡಾನು ಎಂಬುದೇ ಅದರ ಹಿಂದಿನ ಭಯ. ಇದಾವುದನ್ನೂ ಠಸ್ಸೆ ಹೇಳುವುದಿಲ್ಲ.

1845ರಲ್ಲಿ ಹಾಳೆಯ ಲೆಕ್ಕ ಹೋಗಿ ತೂಕದ ಲೆಕ್ಕ ಬಂತು: ಅರ್ಧ ಔನ್ಸಿಗೆ 300 ಮೈಲಿಯವರೆಗೆ ಐದು ಸೆಂಟು, ಅದರಾಚೆ ಹತ್ತು. 1847ರ ಜುಲೈ 1ರಂದು ಫ್ರಾಂಕ್ಲಿನ್ ಮತ್ತು ವಾಷಿಂಗ್ಟನ್ ಚಿತ್ರಗಳಿದ್ದ ಮೊದಲ ಎರಡು ಅಂಚೆಚೀಟಿಗಳು ಬಂದವು. 1855ರಲ್ಲಿ ಮುಂಗಡ ಪಾವತಿ, 1856ರಲ್ಲಿ ಅಂಚೆಚೀಟಿ ಕಡ್ಡಾಯವಾದವು. ತೂಕದ ಲೆಕ್ಕದಲ್ಲಿ ಲಕೋಟೆಗೆ ಬೇರೆ ದಂಡವಿಲ್ಲವಲ್ಲ, ಎಲ್ಲರೂ ಲಕೋಟೆ ಹಿಡಿದರು. ಕಾಗದ ಓದಿದವರು ಅದನ್ನು ಒಂದು ಕಡೆ ಇಟ್ಟರು, ಲಕೋಟೆಯನ್ನು ಇನ್ನೊಂದು ಕಡೆ. ಈಗ ಸಂಗ್ರಾಹಕರ ಕೈಗೆ ಬರುವ ಆ ಕಾಲದ ಲಕೋಟೆಗಳಲ್ಲಿ ಹಲವು ಖಾಲಿ. ಠಸ್ಸೆಯಲ್ಲಿ ಮಾರ್ಚ್ 14 ಎಂದು ಸ್ಪಷ್ಟವಾಗಿರುತ್ತದೆ. ಯಾವ ವರ್ಷದ ಮಾರ್ಚ್ 14 ಎಂದು ಹೇಳಬೇಕಾದ ಕಾಗದ ಒಳಗಿರುವುದಿಲ್ಲ.