ಬೇಡವೆನ್ನುವ ಹಕ್ಕು



ನಮ್ಮ ದೇವರಗುಡ್ಡದಲ್ಲಿ ದಸರೆಗೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕದಲ್ಲಿ ಜನರು ಮಳೆ-ಬೆಳೆಯ ಸೂಚನೆಯನ್ನು ಅರಸುತ್ತಾರೆ. ಪಿಡುಗಿನ ಕಾಲದಲ್ಲಿ ಸಾಯುವವರ ಬಳಿ ಯಾರಿರಬೇಕು, ಚಿಕಿತ್ಸೆ ಎಲ್ಲಿಯವರೆಗೆ ಎಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ನಮ್ಮ ಸೀಮೆಯೂ ಸೇರಿದ್ದ ಅಂದಿನ ಧಾರವಾಡ ಜಿಲ್ಲೆಗೆ ಹಬ್ಬಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರಕಾರಕ್ಕೆ ವಿಶೇಷಾಧಿಕಾರ ನೀಡಿತು. ಮುಂಬಯಿ ಪ್ರಾಂತದಲ್ಲಿ ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಒಯ್ಯಲಾಯಿತು. ಕೊನೆಯುಸಿರು ಯಾರ ಸನಿಹದಲ್ಲಿ ಎಂಬ ತೀರ್ಮಾನ ರೋಗಿಯದಾಗಿರಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಅದೇ ಕಾಯ್ದೆಯನ್ನು ಮತ್ತೆ ಬಳಸಲಾಯಿತು. 2021ರ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಮಂದಿ ಅಸುನೀಗಿದರು. ಅವರಲ್ಲಿ ಯಾರನ್ನೂ 'ಸಾಕೇ?' ಎಂದು ಕೇಳಿರಲಿಲ್ಲ, ಕೊರತೆಯೇ ತೀರ್ಪಿತ್ತಿತು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಚಿಕಿತ್ಸೆ ಬೇಡವೆನ್ನುವುದು ಬೇರೆ, ಚಿಕಿತ್ಸೆ ದೊರೆಯದಿರುವುದು ಬೇರೆ. ಮೊದಲನೆಯದು ಹಕ್ಕು, ಎರಡನೆಯದು ಅನ್ಯಾಯ. ಗುಣವಾಗುವ ಆಸೆಯಿಲ್ಲದ ರೋಗಿ ಜೀವರಕ್ಷಕ ಯಂತ್ರಗಳನ್ನು ನಿರಾಕರಿಸಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಬರೆದ ಪತ್ರವನ್ನು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು. ನಮ್ಮ ಪರವಾಗಿ ಮಾತನಾಡುವವರನ್ನೂ ಅದರಲ್ಲಿ ಹೆಸರಿಸಬಹುದು.

ಹಿರಿಯರು ಗಟ್ಟಿಯಾಗಿರುವಾಗಲೇ ಅವರ ಇಷ್ಟವನ್ನು ಕೇಳಿ ಬರೆದಿಡಿ, ಮಕ್ಕಳೇ. ಆದರೆ ಆ ಕಾಗದ ಆಸ್ಪತ್ರೆಯ ಕೊರತೆಗೆ ನೆಪವಾಗಲು ಮಾತ್ರ ಬಿಡಬೇಡಿ.