ಅರಬ್ಬಿ ಹೆಸರಿನ ಮಲ್ಲಿಗೆ

ಇಂಟರ್‌ನ್ಯಾಷನಲ್ ಸಿಟಿಗೆ ಹತ್ತಿರದ ವರ್ಸಾನ್ ನರ್ಸರಿಗಳಲ್ಲಿ ಒಮ್ಮೆ ಮಲ್ಲಿಗೆ ಗಿಡವೊಂದನ್ನು ಕೊಂಡೆ. ಕುಂಡದ ಚೀಟಿಯಲ್ಲಿ ‘ಅರೇಬಿಯನ್ ಜಾಸ್ಮಿನ್’ ಎಂದಿತ್ತು. ಉಡುಪಿ ಕಡೆಯವನಾದ ನನಗೆ ಸಣ್ಣ ಮುನಿಸು ಬಂತು. ನಮ್ಮ ಶಂಕರಪುರ ಮಲ್ಲಿಗೆಯ ಜಾತಿಯದೇ ಗಿಡ. ಇದು ಅರಬರದ್ದು ಆದದ್ದು ಯಾವಾಗ?

ಉತ್ತರ ಹೆಸರಿನಲ್ಲೇ ಇದೆ. ಸಸ್ಯಶಾಸ್ತ್ರದಲ್ಲಿ ಇದು ಜಾಸ್ಮಿನಮ್ ಸಂಬಾಕ್. ಮಧ್ಯಯುಗದ ಅರಬರು ಮಲ್ಲಿಗೆಯ ಸುಗಂಧ ತೈಲವನ್ನು ‘ಜಂಬಕ್’ ಎನ್ನುತ್ತಿದ್ದರು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಆ ಪದದಿಂದ ಬಂದ ಹೆಸರನ್ನೇ ಗಿಡಕ್ಕಿಟ್ಟು, ಅದನ್ನು ಪಾರಿಜಾತದ ಕುಲಕ್ಕೆ ಸೇರಿಸಿದ. 1789ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ವಿಲಿಯಂ ಐಟನ್ ಮಲ್ಲಿಗೆಯ ಕುಲಕ್ಕೆ ತಂದ. ಕುಲ ಬದಲಾಯಿತು, ಅರಬ್ಬಿ ಹೆಸರು ಉಳಿಯಿತು. ಗಿಡದ ತವರು ಮಾತ್ರ ನಮ್ಮ ದಕ್ಷಿಣ ಏಷ್ಯಾ. ಬಿಲ್ಲಿನಲ್ಲಿ ಬೆಳೆದವನ ಹೆಸರಿಲ್ಲ, ದಾಟಿಸಿದವನ ಹೆಸರಿದೆ. ಲೆಕ್ಕಪತ್ರ ನೋಡುವವನಿಗೆ ಇದು ಹೊಸತಲ್ಲ.

ಬೆಳೆದವರ ಲೆಕ್ಕ ಬೇರೆಯೇ ಇದೆ. ಶಂಕರಪುರದ ಕಡೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನವೂ ಹೊಸದಾಗಿ ನಿಗದಿಯಾಗುತ್ತದೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಟ್ಟ ಹೆಂಗಸರ ದುಡ್ಡಿನಲ್ಲಿ ಎಷ್ಟೋ ಮನೆಗಳ ಮಕ್ಕಳು ಓದಿದರು. ಈ ಹೂವು ಮುಂಬಯಿಗೂ ಹೋಯಿತು, ಕೊಲ್ಲಿಗೂ ಬಂತು. ಈಗ ಉಡುಪಿ, ಮೈಸೂರು, ಹಡಗಲಿ ಮೂರೂ ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಚೀಟಿಯಲ್ಲಿ ಇಲ್ಲದ ಊರಿನ ಹೆಸರು ಕೊನೆಗೂ ಸರಕಾರಿ ದಾಖಲೆಗೆ ಬಂತು.

ನನ್ನ ಗಿಡ ಎರಡು ವರ್ಷ ಬಾಲ್ಕನಿಯ ಸರಳಿಗೆ ಹಬ್ಬಿತೇ ಹೊರತು ಹೂ ಬಿಡಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

“ಗೆಲ್ಲು ಸವರಿದ್ದೀಯಾ ಮಗಾ?”

“ಇಲ್ಲಮ್ಮ, ಈ ಮರಳುಗಾಡಿನಲ್ಲಿ ಚಿಗುರಿದ್ದೇ ಹೆಚ್ಚು. ಕತ್ತರಿಸಲು ಮನಸ್ಸು ಬರುವುದಿಲ್ಲ.”

“ಪಾಪ ಅಂತ ಬಿಟ್ಟರೆ ಬರೀ ಸೊಪ್ಪೇ.”

ಮಲ್ಲಿಗೆ ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಗೆಲ್ಲು ಎಷ್ಟು ಉದ್ದವಾದರೂ ಪ್ರಯೋಜನವಿಲ್ಲ. ಜನವರಿಯ ಚಳಿಯಲ್ಲಿ ಒಣಗಿದ ಗೆಲ್ಲುಗಳನ್ನು ಬುಡದಿಂದ ತೆಗೆದೆ, ಉಳಿದವನ್ನು ಅರ್ಧಕ್ಕೆ ಸವರಿದೆ, ಹಳೆಯ ಎಲೆ ಕಿತ್ತೆ. ಬುಡಕ್ಕೆ ನೆಲಗಡಲೆ ಹಿಂಡಿ ನೆನೆಸಿದ ನೀರು ಹಾಕಿದೆ. ಮಾರ್ಚ್‌ನಲ್ಲಿ ಹದಿನೇಳು ಮೊಗ್ಗು ಬಂದವು.

ಚೀಟಿಯನ್ನು ನಾನಿನ್ನೂ ಕಿತ್ತಿಲ್ಲ. ಅದರ ಕೆಳಗೆ ಕನ್ನಡದಲ್ಲಿ ‘ಮಲ್ಲಿಗೆ’ ಎಂದು ಬರೆದಿದ್ದೇನೆ. ಒಂದು ಚೆಂಡಿಗೆ ಇನ್ನೂ 783 ಬಾಕಿ.